ಜಪಾನಿನ ಶಾಲೆಗೆ ಪಾಠ ಮಾಡಲು ಹೋಗುವವರು ಮೊದಲ ವಾರ ಎಲ್ಲಿ ಎಡವುತ್ತಾರೆ?

ಪ್ರಶ್ನೆ:
ಏಪ್ರಿಲ್‌ನಲ್ಲಿ ಶಾಲಾ ವರ್ಷ ಶುರುವಾಗುವಾಗ ಜಪಾನಿನ ಪ್ರೈಮರಿ ಶಾಲೆಯಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕಿಯ ಕೆಲಸ. ಬಗ್ಗಿ ವಂದಿಸಬೇಕು ಅನ್ನುವುದು ಎಲ್ಲ ಕಡೆ ಓದಲು ಸಿಗುತ್ತದೆ. ಅದು ಬಿಟ್ಟು ತಿದ್ದುವುದು, ಪಾಠ, ಊಟದಲ್ಲಿ ಏನು ಬೇರೆ? ನಾನು ಸಸ್ಯಾಹಾರಿ.

ಉತ್ತರ 1:
ಕೆಂಪು ಪೆನ್ ಹಿಡಿಯುವ ಮೊದಲು ಇದನ್ನು ಓದಿಬಿಡಿ. ನಾವು ಸರಿ ಉತ್ತರಕ್ಕೆ ಹಾಕುವ ರೈಟ್ ಗುರುತು ಅಲ್ಲಿ ತಪ್ಪಿನ ಗುರುತು! ಹತ್ತಕ್ಕೆ ಹತ್ತು ತೆಗೆದ ಮಗುವಿನ ಹಾಳೆಗೆ ಹತ್ತು ರೈಟ್ ಎಳೆದು ಕೊಟ್ಟರೆ, ಮಗು ಅದನ್ನು ಸೊನ್ನೆ ಎಂದೇ ಓದುತ್ತದೆ. ಸರಿಗೆ ದುಂಡಗೆ ಸುತ್ತು ಹಾಕಬೇಕು, ಅದು 'ಮಾರು'. ಅರ್ಧ ಸರಿಯಾದರೆ ತ್ರಿಕೋನ. ತಪ್ಪಿಗೆ ರೈಟ್ ಗುರುತು, ಇಲ್ಲವೇ ಇಂಟು ಗುರುತು, ಅಂದರೆ 'ಬತ್ಸು'. ಇನ್ನೊಂದು ಅಭ್ಯಾಸವೂ ಕೈಕೊಡುತ್ತದೆ: ಸ್ಪೆಲ್ಲಿಂಗ್ ತಪ್ಪಿದ ಪದಕ್ಕೆ ಸುತ್ತು ಹಾಕಿ ತೋರಿಸುವುದು. ಆ ಪದವೇ ಸರಿ ಅಂದುಕೊಂಡು ಮಗು ಹಾಗೇ ಕಲಿತುಬಿಡುತ್ತದೆ. ಅಡಿಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ.

ತುಂಬ ಚೆನ್ನಾಗಿ ಬರೆದಿದ್ದರೆ ಒಂದು ಸುರುಳಿ ಬರೆದು ಸುತ್ತಲೂ ಎಸಳು ಹಾಕಿ. ಅದಕ್ಕೆ 'ಹನಾಮಾರು' ಅನ್ನುತ್ತಾರೆ, ಹೂವಿನ ಸುತ್ತು. ಚಿಕ್ಕ ಮಕ್ಕಳಿಗೆ ಅಂಕಕ್ಕಿಂತ ಅದರ ಮೇಲೇ ಕಣ್ಣು. ಮಗುವಿನ ಹೆಸರನ್ನು ಮಾತ್ರ ಕೆಂಪಿನಲ್ಲಿ ಬರೆಯಬೇಡಿ, ಅಶುಭ ಅಂತ ನಂಬುತ್ತಾರೆ.

ಉತ್ತರ 2:
ಪ್ರೈಮರಿಯಲ್ಲಿ ಒಂದು ಪೀರಿಯಡ್ 45 ನಿಮಿಷ. "ಯಾರು ಹೇಳ್ತೀರಿ?" ಅಂತ ಇಡೀ ಕ್ಲಾಸಿಗೆ ಕೇಳಿದರೆ, ಅದರಲ್ಲೂ 5–6ನೇ ತರಗತಿಯಲ್ಲಿ, ಎಲ್ಲರೂ ತಲೆ ತಗ್ಗಿಸುವುದುಂಟು. ಉತ್ತರ ಗೊತ್ತಿಲ್ಲ ಅಂತಲ್ಲ, ಒಬ್ಬರೇ ಎದ್ದು ತಪ್ಪು ಹೇಳಿಬಿಟ್ಟರೆ ಅನ್ನುವ ಅಂಜಿಕೆ. ಮೊದಲು ಅರ್ಧ ನಿಮಿಷ ಪಕ್ಕದವರ ಜೊತೆ ಮಾತಾಡಲು ಬಿಡಿ, ಆಮೇಲೆ ಜೋಡಿಯಾಗಿ ಎಬ್ಬಿಸಿ. ಮೌನ ತಡೆಯಲಾರದೆ ನೀವೇ ಉತ್ತರ ಹೇಳಿದಿರೋ, ಮುಂದಿನ ಸಲವೂ ಅದಕ್ಕೇ ಕಾಯುತ್ತಾರೆ.

ಬೆರಳೆಣಿಕೆಯಲ್ಲೂ ಗಮನವಿರಲಿ. ಬಿಚ್ಚಿದ ಅಂಗೈಯಿಂದ ಶುರುಮಾಡಿ, ಹೆಬ್ಬೆರಳಿನಿಂದ ಒಂದೊಂದೇ ಮಡಚುತ್ತಾ ಎಣಿಸುತ್ತಾರೆ. ಮೂರಕ್ಕೆ ಬಂದಾಗ ಎದ್ದು ನಿಂತಿರುವುದು ಎರಡೇ ಬೆರಳು. ಮಗು ತಪ್ಪು ಎಣಿಸಿತು ಅಂದುಕೊಳ್ಳಬೇಡಿ.

ಉತ್ತರ 3:
ಸಸ್ಯಾಹಾರಕ್ಕೆ ಬರುತ್ತೇನೆ. "ಮಾಂಸ ತಿನ್ನಲ್ಲ" ಅಂದರೆ ಸಾಲದು. ಸೂಪು, ಬೇಯಿಸಿದ ತರಕಾರಿ ಎಲ್ಲದಕ್ಕೂ 'ದಾಶಿ' ಅನ್ನುವ ಕಟ್ಟು ಬೀಳುತ್ತದೆ, ಅದು ಸಾಮಾನ್ಯವಾಗಿ ಒಣಮೀನಿನದು. ಅದನ್ನು ಅವರು ಮೀನು ಅಂತ ಲೆಕ್ಕಕ್ಕೇ ಹಿಡಿಯದಿರಬಹುದು. ಆದ್ದರಿಂದ ದಾಶಿಯ ಹೆಸರು ಹಿಡಿದೇ ಹೇಳಿ. ಯಾರಿಗೆ? ಉಪಮುಖ್ಯೋಪಾಧ್ಯಾಯರಿಗೆ ('ಕ್ಯೋತೋ ಸೆನ್ಸೇ'), ಶಾಲೆ ಶುರುವಾಗುವ ಮುಂಚೆಯೇ. ಅಡುಗೆ ಸಾಮಾನು ತಲೆಲೆಕ್ಕದಲ್ಲಿ ಮೊದಲೇ ತರಿಸುವುದರಿಂದ ಅವತ್ತಿನದು ಅವತ್ತು ಬೇಡ ಅನ್ನಲಾಗದು. ಶಾಲೆಯ ಊಟ ನಿಲ್ಲಿಸಿ ಡಬ್ಬಿ ತರಲು ಒಪ್ಪಿಗೆ ಕೇಳಿ.

ಕ್ಲಾಸಿನಲ್ಲೇ ಊಟ. ಸರದಿಯ ಮಕ್ಕಳು ಬಿಳಿ ಕೋಟು, ಟೋಪಿ ಹಾಕಿಕೊಂಡು ಬಡಿಸುತ್ತಾರೆ. ಎಲ್ಲರಿಗೂ ಬಡಿಸಿ, ಒಟ್ಟಿಗೆ 'ಇತದಾಕಿಮಾಸು' ಅನ್ನುವ ತನಕ ನಿಮ್ಮ ಡಬ್ಬಿಯನ್ನೂ ತೆರೆಯಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ರೈಟ್ ಗುರುತಿನ ವಿಷಯ ಗೊತ್ತೇ ಇರಲಿಲ್ಲ. ಶಾಲೆಯೊಳಗೆ ಬರಿಗಾಲಾ?

ಉತ್ತರ 2:
ಅಲ್ಲ, ಒಳಗಿನ ಶೂ ಬೇರೆ, 'ಉವಾಬಾಕಿ' ಅಂತ. ಹೊರಗೆ ಒಮ್ಮೆಯೂ ಹಾಕದ ಕ್ಯಾನ್ವಾಸ್ ಶೂ ಒಯ್ದರೆ ಆಯಿತು. ಅಳತೆ ಸೆಂಟಿಮೀಟರಿನಲ್ಲಿರುತ್ತದೆ, ಪಾದ ಅಳೆದಿಟ್ಟುಕೊಳ್ಳಿ. ಜಿಮ್‌ಗೆ ಮೂರನೇ ಜೊತೆ ಬೇಕಾ ಅಂತ ಶಾಲೆಯಲ್ಲೇ ಕೇಳಿ. ಟಾಯ್ಲೆಟ್ ಬಾಗಿಲಲ್ಲಿ ಬೇರೆ ಸ್ಲಿಪ್ಪರ್ ಇಟ್ಟಿದ್ದರೆ ಒಳಗೆ ಅದನ್ನೇ ಹಾಕಬೇಕು. ಮರೆತು ಅದರಲ್ಲೇ ಕಾರಿಡಾರಿಗೆ ಬಂದರೆ ಮಕ್ಕಳು ಸಂಜೆಯ ತನಕ ನಗುತ್ತಾರೆ.