ದುಬೈನಾಗ ಇಳೀಬೇಕೋ ಬ್ಯಾಡೋ? ಓದುಗರ ಸ್ಪಂದನ

ಹೋದ ವಾರದ ಸಮಸ್ಯೆ: ರಾಯಚೂರಿನ ನಿವೃತ್ತ ನೌಕರರು, ವಯಸ್ಸು 64. ಹೆಂಡ್ತಿ ಜೊತೆ 5 ತಿಂಗಳಿಗೆ ಕ್ಯಾಲಿಫೋರ್ನಿಯಾದ ಮಗಳ ಮನೆಗೆ ಹೊರಟಿದ್ದಾರೆ, ಹೈದರಾಬಾದಿಂದ ದುಬೈ ಮೇಲೆ ವಿಮಾನ. ಬಳ್ಳಾರಿ ಹಾಸ್ಟೆಲ್‌ನಲ್ಲಿ ಒಂದೇ ರೂಮಲ್ಲಿದ್ದ ಗೆಳೆಯ ಈಗ ದುಬೈನಲ್ಲಿ ಮಗ ಸೊಸೆ ಜೊತೆ ಇದ್ದಾರೆ, 4 ದಿನ ಇಳ್ಕೊಂಡು ಹೋಗು ಅಂತ ಕರೀತಿದ್ದಾರೆ. ಆ ಗೆಳೆಯನ ಹೆಂಡ್ತಿ ಹೋದ ವರ್ಷ ತೀರ್ಕೊಂಡಾಗ ಇವರು ವಾಟ್ಸಾಪಲ್ಲಿ ಎರಡು ಸಾಲು ಹಾಕಿದ್ದು ಬಿಟ್ರೆ ಮಾತಾಡಿಲ್ಲ, ಈಗ ಯಾವ ಮುಖ ಹೊತ್ತು ಹೋಗ್ಲಿ ಅಂತಾರೆ. ಮಗಳು ಸುಸ್ತಾಗುತ್ತೆ ಬೇಡ ಅಂತಾಳೆ. ಹೆಂಡ್ತಿ, ಅಷ್ಟು ದೂರ ಹೊರಟಾಗ ಮೊದಲು ಸಾವಾದ ಮನೆಗೆ ಕಾಲಿಡೋದು ಬೇಡ, ಬರೋವಾಗ ನೋಡೋಣ ಅಂತಾರೆ.

ಸಿಂಧನೂರಿನಿಂದ

ಅಣ್ಣಾರ, ಬರೋವಾಗ ನೋಡೋಣ ಅನ್ನೋದನ್ನ ತಲಿಯಿಂದ ತೆಗೀರಿ. ನಾವು ಹಂಗ ಮಾಡೀವಿ ಅದಕ್ಕ ಹೇಳಾಕತ್ತೀನಿ. ದುಬೈಗೂ ನಮಗೂ ಒಂದೂವರೆ ತಾಸಿನ ಫರಕ್ ಅಷ್ಟೇ, ಇಲ್ಲಿ ರಾತ್ರಿ ಹತ್ತೂವರೆ ಆದ್ರ ಅಲ್ಲಿ ಒಂಬತ್ತು, ಹೈದರಾಬಾದಿಂದ 4 ತಾಸಿನ ವಿಮಾನ, ಹೋಗಿ ಇಳದ್ರ ನಿಮ್ಮ ನಿದ್ದಿ ಹಸಿವು ಎಲ್ಲಾ ಊರಾಗಿದ್ದಂಗ ಇರ್ತಾವ. ಕ್ಯಾಲಿಫೋರ್ನಿಯಾ ಹಂಗಲ್ಲ, ಹಗಲು ರಾತ್ರಿ ಪೂರಾ ತಿರುಗಾಮುರುಗಾ. ಬರೋವಾಗ 15-16 ತಾಸು ಕುಂತು ಬಂದು ನಾನೂ ನಮ್ಮ ಮನಿಯವರೂ ಗೆಳೆಯನ ಮನ್ಯಾಗ ಹಗಲೆಲ್ಲ ಮಲಗಿದ್ವಿ, ನಡುರಾತ್ರಿ ಎದ್ದು ಅವರ ಹಾಲ್‌ನಾಗ ಲೈಟ್ ಹಾಕದ ಕುಂತಿದ್ವಿ. ಆತ ನಮ್ಮ ಸಲುವಾಗಿ 3 ದಿನ ರಜಾ ಹಾಕಿದ್ದ. ಮೂರು ದಿನದಾಗ ಒಂದು ತಾಸು ನೆಟ್ಟಗ ಮಾತಾಡ್ಲಿಲ್ಲ ನಾವು. ಇವತ್ತಿಗೂ ಅದು ನನಗ ಸಂಕಟ ಐತಿ.

ಬಳ್ಳಾರಿ, ಕೌಲ್ ಬಜಾರ್‌ನಿಂದ

ನಾನು ಅವರ ಮನೆಯವರಿಗೆ ಬರೀತಿದೀನಿ, ಅಕ್ಕಾರೇ ನೀವೇ ಓದ್ರಿ ಇದನ್ನ. ನಮ್ಮೆಜಮಾನ್ರು ಹೋಗಿ ಮೂರು ವರ್ಷ ಆಯ್ತು. ದಿವಸ ಮುಗಿಯೋವರೆಗೂ ಮನೆ ತುಂಬಾ ಜನ, ಚಾ ಮಾಡಿ ಮಾಡಿ ಹಾಕಿದ್ರು ಯಾರೋ. ಆಮೇಲೆ ಒಬ್ಬೊಬ್ರೇ ಕಮ್ಮಿ ಆದ್ರು. ಪ್ರತಿ ಭಾನುವಾರ ಬರ್ತಿದ್ದ ಗಂಡ ಹೆಂಡ್ತಿ ಒಬ್ರು ಇದ್ರು, ಅವರು ಕಾಶಿಗೆ ಹೊರಟಾಗ ನಮ್ಮ ಓಣಿ ಮುಂದೇನೇ ಕಾರು ನಿಲ್ಸಿದ್ರು, ಕಿಟಕಿ ಇಳಿಸಿ ಕೈ ಮಾಡಿದ್ರು, ಒಳಗೆ ಬರ್ಲಿಲ್ಲ. ಯಾತ್ರೆಗೆ ಹೊರಟೀವಿ ನೋಡು ಅಂದ್ರು. ಆಗ್ಲೇ ಎಂಟು ತಿಂಗಳಾಗಿತ್ತು. ನಾನು ಗೇಟ್ ಹಿಡ್ಕೊಂಡು ನಿಂತಿದ್ದೆ, ಕಾರು ತಿರುಗೋವರೆಗೂ ನಿಂತಿದ್ದೆ. ಸೂತಕಕ್ಕೆ ಹಿರಿಯರು ದಿನ ಇಟ್ಟಾರೆ, ಅದು ಮುಗಿದ್ಮೇಲೆ ಅದು ಮನೇನೇ ಅಕ್ಕ, ಸಾವಾದ ಮನೆ ಅಲ್ಲ, ಅಲ್ಲಿ ಮಕ್ಕಳು ಉಣ್ತಾವೆ, ದೀಪ ಹಚ್ತಾರೆ, ಹಬ್ಬ ಮಾಡ್ತಾರೆ. ನಿಮ್ಮ ಭಯ ಸುಳ್ಳು ಅಂತ ಹೇಳ್ತಿಲ್ಲ, ಮಗಳ ಮನೆಗೆ ಹೊರಟೋರಿಗೆ ಮನಸ್ಸಲ್ಲಿ ಅಳುಕು ಬರುತ್ತೆ, ಹೊರಡೋ ದಿನ ನಮ್ಮ ಬಳ್ಳಾರಿ ದುರ್ಗಮ್ಮಗೆ ಒಂದು ಕಾಯಿ ಮೀಸಲಿಟ್ಟು ಹೊರಡ್ರಿ, ಆದ್ರೆ ಹೋಗ್ರಿ.

ಇನ್ನೊಂದು. ಅಲ್ಲಿ ಹೋದ್ಮೇಲೆ ಅವರ ಹೆಂಡ್ತಿ ಹೆಸರು ತೆಗೀದಂಗೆ ಇರ್ಬ್ಯಾಡ್ರಿ. ನನ್ನ ಮುಂದೆ ಎಲ್ರೂ ಮಳೆ ಬೆಳೆ ರೇಟು ಮಾತಾಡ್ತಾರೆ, ಅವರ ಹೆಸರು ಬಂದ್ರೆ ನಾನು ಅಳ್ತೀನಿ ಅಂತ. ಅತ್ರೆ ಅಳ್ಲಿ ಬಿಡ್ರಿ. ಆಯಮ್ಮ ಹೆಂಗಿದ್ರು, ಏನು ಅಡುಗೆ ಮಾಡ್ತಿದ್ರು, ಕೊನೇಲಿ ಏನಾಯ್ತು ಅಂತ ಕೇಳ್ರಿ. ಅಣ್ಣಾರು ಆಗ ಮಾತಾಡಿಲ್ಲ ಅಂತ ಮುಖ ತೋರ್ಸಕ್ಕೆ ಅಂಜ್ತಿದಾರಲ್ಲ, ಬಾಗ್ಲಲ್ಲೇ, ನನಗೆ ಆಗ ಮಾತು ಬರ್ಲಿಲ್ಲೋ ಅಂತ ಹೇಳಿದ್ರೆ ಸಾಕು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಕೊಂಡು ಹೋಗ್ರಿ, ಒಂದು ವರ್ಷದಿಂದ ಆ ಮನೇಲಿ ಇಲ್ಲಿನ ರುಚಿ ಯಾರು ಮಾಡಿರ್ತಾರೋ ಏನೋ.

ಕೊಪ್ಪಳದಿಂದ, 9 ವರ್ಷ ಶಾರ್ಜಾದಲ್ಲಿ ಕೆಲಸ ಮಾಡಿದವರು

ಸಾರ್, ಮೊದಲು ಒಂದು ಸಮಾಧಾನ ತಗೋರಿ, ದುಬೈ, ಶಾರ್ಜಾ ಇರೋ ಯುಎಇ ದೇಶದಾಗ ವಾಟ್ಸಾಪ್ ಕಾಲ್ ಬ್ಲಾಕ್ ಐತಿ, ಮೆಸೇಜ್ ಮಾತ್ರ ಹೋಗ್ತಾವ, ಊರಿಂದ ಬರೋ ಎಷ್ಟೋ ಫೋನು ಅಲ್ಲಿ ಎರಡು ಸಾಲು ಮೆಸೇಜೇ ಆಗಿಬಿಡ್ತಾವ. ಇದು ನಿಮ್ಮ ಗೆಳೆಯರಿಗೂ ಗೊತ್ತೈತಿ. ವಾಯ್ಸ್ ಮೆಸೇಜ್ ಹೋಗ್ತದ, ಇವತ್ತೇ ಒಂದು ಕಳಿಸ್ರಿ, ಹೋಗಾಕ ಮುಂಚೆ ನಿಮ್ಮ ದನಿ ಅವರಿಗೆ ಮುಟ್ಲಿ.

ವೀಸಾದ್ದು ದೊಡ್ಡ ಚಿಂತಿ ಅಲ್ಲ. ನಿಮ್ಮ ಪಾಸ್‌ಪೋರ್ಟಿಗೂ ಅದರಾಗಿರೋ ಅಮೆರಿಕ ವೀಸಾಕ್ಕೂ ಇನ್ನೂ 6 ತಿಂಗಳಾದ್ರೂ ಅವಧಿ ಇದ್ರ, ಇಂಡಿಯಾದವರಿಗೆ ದುಬೈನಾಗ ಇಳಿದ ಮ್ಯಾಲೆ ಫೀಸ್ ಕಟ್ಟಿ 14 ದಿನದ ವೀಸಾ ಸಿಗ್ತದ, ಹೊರಡೋ ಮುಂಚೆ ಏರ್‌ಲೈನ್‌ನವರಿಗೆ ಒಂದ್ಸಲ ಕೇಳಿ ಖಾತ್ರಿ ಮಾಡ್ಕೋರಿ. ಟಿಕೆಟ್ ಎರಡು ಬ್ಯಾರೆ ಬ್ಯಾರೆ ತಗೋಬ್ಯಾಡ್ರಿ, ಒಂದೇ ಟಿಕೆಟ್‌ನಾಗ ಮಲ್ಟಿ ಸಿಟಿ, ಅಂದ್ರ ನಡುವ ಒಂದು ಊರಾಗ ಇಳಿದು ಹೋಗೋದು, ಅಂತ ಮಾಡ್ಸಿ, ಇಲ್ಲಂದ್ರ ಲಗೇಜ್ ಲೆಕ್ಕ ಬ್ಯಾರೆ ಆಗಿ ಕೌಂಟರ್‌ನಾಗ ರೊಕ್ಕ ಕಟ್ಟಬೇಕಾಗ್ತದ. 24 ತಾಸಿಗಿಂತ ಹೆಚ್ಚು ನಿಂತ್ರ ಬ್ಯಾಗ್ ನಿಮ್ಮ ಕೈಗೇ ಬರ್ತಾವ. ಅವರ ಮನ್ಯಾಗ ಬಿಚ್ಚೋ ಬ್ಯಾಗ್ ಒಂದೇ ಇರ್ಲಿ, ಉಳಿದವು ಕಟ್ಟಿದಂಗ ಇರ್ಲಿ.

ಅಕ್ಕಾರ ಮೊಮ್ಮಗಳಿಗೆ ಪಾಯಸಕ್ಕಂತ ಗಸಗಸೆ ಕಟ್ಟಿರ್ತಾರ ನೋಡ್ರಿ, ಅದನ್ನ ಮನ್ಯಾಗೇ ತೆಗೆದಿಡ್ರಿ. ಗಸಗಸೆ ಅಲ್ಲಿ ಪೂರಾ ನಿಷೇಧ, ಡ್ರಗ್ಸ್ ಲೆಕ್ಕಕ್ಕ ಬರ್ತದ, ಗೊತ್ತಿರ್ಲಿಲ್ಲ ಅಂದ್ರ ಕೇಳಂಗಿಲ್ಲ. ಮಸಾಲಿ ಪುಡಿಯಾಗ ಹಾಕಿದ್ರೂ ಬ್ಯಾಡ. ಟ್ರಮಡಾಲ್, ಕೊಡೀನ್ ಇರೋ ನೋವಿನ ಗುಳಿಗಿ, ಕೆಮ್ಮಿನ ಸಿರಪ್‌ಗೂ ಮುಂಚೆ ಪರ್ಮಿಷನ್ ಬೇಕು, ಬಿಪಿ ಶುಗರ್ ಗುಳಿಗಿಗೆ ಡಾಕ್ಟ್ರ ಚೀಟಿ ಹ್ಯಾಂಡ್‌ಬ್ಯಾಗ್‌ನಾಗ ಇರ್ಲಿ. ಚಟ್ನಿಪುಡಿ ರೊಟ್ಟಿ ನಾನು ಪ್ರತಿ ಸಲ ಒಯ್ದೀನಿ, ಏನೂ ಆಗಿಲ್ಲ. ಮುಂದ ಅಮೆರಿಕದಾಗ ತಿನ್ನೋ ಸಾಮಾನು ಐತಿ ಅಂತ ಕಸ್ಟಮ್ಸ್‌ನವರಿಗೆ ಹೇಳ್ಬೇಕು, ಹಸಿ ಹಣ್ಣು ಕರಿಬೇವು ಒಯ್ಯಬ್ಯಾಡ್ರಿ. ಬ್ಯಾಸಗಿ ಇದ್ರ ಸಂಜಿ ಮುಂದೇ ಹೊರಗ ಹೋಗ್ರಿ, ನಮ್ಮ ರಾಯಚೂರಿನದು ಒಣ ಬಿಸಿಲು, ಅಲ್ಲಿದು ಸಮುದ್ರದ ಬೆವರಿನ ಬಿಸಿಲು, ನಮ್ಮವರಿಗೆ ಅದು ತಡಿಯಂಗಿಲ್ಲ. ಗೆಳೆಯರ ಮೊಮ್ಮಕ್ಕಳಿಗೆ ಏನರ ಒಯ್ಯಬೇಕಂದ್ರ ನಮ್ಮ ಕಿನ್ನಾಳ ಗೊಂಬಿ ಒಯ್ಯಿರಿ, ಹಗುರ ಮರದ್ದು, ಬ್ಯಾಗ್ ಭಾರ ಆಗಂಗಿಲ್ಲ.

ಗಂಗಾವತಿಯಿಂದ

ಹೋಗೋದು ಸರಿ, ಆದ್ರೆ 4 ದಿನ ಜಾಸ್ತಿ ಅನ್ಸುತ್ತೆ ನನಗೆ. ಅದು ಮಗ ಸೊಸೆ ಮನೆ, ಇಬ್ರೂ ಕೆಲಸಕ್ಕೆ ಹೋಗ್ತಿರ್ಬಹುದು, ಸೊಸೆ ಬಾಯಿ ಬಿಟ್ಟು ಹೇಳಲ್ಲ. ಎರಡು ರಾತ್ರಿ ಇದ್ದು, ಮೂರನೇ ದಿನ ಹೊರಡ್ರಿ. ಊರು ನೋಡ್ಸು ಅಂತ ಕೇಳ್ಬೇಡಿ, ಬುರ್ಜ್ ಖಲೀಫಾ ಎಲ್ಲೂ ಹೋಗಲ್ಲ.

ಮಾನ್ವಿ ಮೂಲದವರು, ಈಗ ಕ್ಯಾಲಿಫೋರ್ನಿಯಾದಿಂದ

ನಾನು ಆ ಮಗಳ ಜಾಗದಲ್ಲಿ ಇದ್ದವಳು, ಅವಳ ಪರವಾಗಿ ಎರಡು ಮಾತು. ಬೇಡ ಅಂತ ಹೇಳೋದು ಅಪ್ಪನ ಗೆಳೆಯನ ಮೇಲೆ ಕೋಪದಿಂದಲ್ಲ. ನಡುದಾರಿಲಿ ಏನಾದ್ರೂ ಆದ್ರೆ ನನಗೆ ಅಲ್ಲಿ ಯಾರೂ ಗೊತ್ತಿಲ್ಲ, ನಾನು ಯಾರಿಗೆ ಫೋನ್ ಮಾಡ್ಲಿ ಅನ್ನೋ ಹೆದರಿಕೆ ಅದು. ನಮ್ಮ ಜೊತೆ ಇರೋ ದಿನಗಳು ಕಮ್ಮಿ ಆಗ್ಬಾರ್ದು ಅನ್ನೋ ಆಸೆನೂ ಇರುತ್ತೆ. ಇದಕ್ಕೆ ಲೆಕ್ಕ ಹೇಳಿ ಅವಳಿಗೆ, ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಕೊಡೋ 6 ತಿಂಗಳು ಅಮೆರಿಕದಲ್ಲಿ ಇಳಿದ ದಿನದಿಂದ ಶುರುವಾಗುತ್ತೆ, ದುಬೈ ದಿನ ಅದರಲ್ಲಿ ಕಳೆಯಲ್ಲ.

ಹೆದರಿಕೆಗೆ ನಮ್ಮನೇಲಿ ಆಗಿದ್ದು ಹೇಳ್ತೀನಿ. ಅಪ್ಪ ಹಿಂಗೇ ದುಬೈನಲ್ಲಿ ಗೆಳೆಯರ ಮನೇಲಿ ಇಳೀತೀನಿ ಅಂತ ಹಟ ಹಿಡಿದಾಗ ನಾನು ಒಂದು ವಾರ ಮಾತು ಬಿಟ್ಟಿದ್ದೆ. ಕೊನೆಗೆ ಅಪ್ಪ ಆ ಅಂಕಲ್ ನಂಬರ್ ನನಗೆ ಕೊಟ್ರು, ನನ್ನ ನಂಬರ್ ಅವರಿಗೆ ಕೊಟ್ರು, ನೀವಿಬ್ರೇ ಮಾತಾಡ್ಕೊಳ್ರಿ ಅಂದ್ರು. ಅಂಕಲ್ ಅವತ್ತೇ ಫೋನ್ ಮಾಡಿ, ಅಪ್ಪಗೆ ಏನೇನು ಕಾಯಿಲೆ ಐತಿ, ಯಾವ ಮಾತ್ರೆ ಯಾವ ಹೊತ್ತಿಗೆ, ರಾತ್ರಿ ಏನು ಉಣ್ತಾನೆ, ಎಲ್ಲಾ ಕೇಳಿ ಬರ್ಕೊಂಡ್ರು. ಅಪ್ಪ ಅಮ್ಮ ಅಲ್ಲಿ ಇಳಿದ ದಿನ ಒಂದು ಫೋಟೋ ಕಳಿಸಿದ್ರು. ಫ್ರಿಜ್ ಬಾಗಿಲ ಮೇಲೆ ಅಪ್ಪನ ಮಾತ್ರೆ ಟೈಮ್ ಟೇಬಲ್ ಅಂಟಿಸಿತ್ತು, ದಪ್ಪ ಕನ್ನಡ ಅಕ್ಷರದಲ್ಲಿ.