ಪದ ಬೇಕು: ‘ಅಕ್ರೀಶನ್’ (ಸಂಜೆ ಆರರೊಳಗೆ)

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ನಮ್ಮ ಶಾಲೆಯ ವಿಜ್ಞಾನ ಮೇಳಕ್ಕೆ ಫ್ಲೆಕ್ಸ್ ಮಾಡಿಸುತ್ತಿದ್ದೇನೆ. ಆರಕ್ಕೆ ಪ್ರಿಂಟಿಗೆ ಹೋಗಬೇಕು. ಸಾಲು ಹೀಗಿದೆ: ‘ಗೆಲಾಕ್ಸಿಯ ನಡುವಿನ ದೈತ್ಯ ಕಪ್ಪುಕುಳಿ ಎರಡು ಬಗೆಯಲ್ಲಿ ಬೆಳೆಯುತ್ತದೆ. ಒಂದು ಅಕ್ರೀಶನ್. ಇನ್ನೊಂದು, ಗೆಲಾಕ್ಸಿಗಳು ಕೂಡಿದಾಗ ಅವುಗಳ ಕುಳಿಗಳೂ ಒಂದಾಗುವುದು.’ ಎರಡನೆಯದಕ್ಕೆ ತೊಂದರೆಯಿಲ್ಲ. ಮೊದಲನೆಯದು, ಸುತ್ತಲಿನ ಅನಿಲವನ್ನು ಕುಳಿ ತನ್ನೊಳಕ್ಕೆ ಎಳೆದುಕೊಳ್ಳುವುದು. ಅದಕ್ಕೆ ಕನ್ನಡದಲ್ಲಿ ‘ಸಂಚಯನ’ ಎಂದೆ. ಎಂಟನೇ ಕ್ಲಾಸಿನ ಹುಡುಗಿ ‘ಪೋಸ್ಟಾಫೀಸಿನ ಆರ್‌ಡಿನಾ ಮಿಸ್?’ ಅಂದಳು.

ದಾವಣಗೆರೆಯಿಂದ:
ಬ್ಲ್ಯಾಕ್ ಹೋಲಿಗೆ ಕಪ್ಪುಕುಳಿ ಎಂದಿದ್ದೀರಿ, ಸಂತೋಷ. ‘ಕೃಷ್ಣರಂಧ್ರ’ ಅನ್ನುವವರನ್ನು ನಿಮ್ಮ ಕೋಟೆಗೆ ಕರೆದುಕೊಂಡು ಹೋಗಿ. ಓಬವ್ವನ ಕಿಂಡಿ ರಂಧ್ರ. ಈ ಕಡೆ ತೂರಿದವನು ಆ ಕಡೆ ತಲೆ ಹಾಕುತ್ತಾನೆ, ಒನಕೆ ಏಟು ತಿಂದರೂ ಸರಿ. ಇಲ್ಲಿ ಆ ಕಡೆಯೇ ಇಲ್ಲ. ಕುಳಿ ಅಚ್ಚ ದ್ರಾವಿಡ. ಹಳಗನ್ನಡದಲ್ಲಿ ಕುೞಿ, ತಮಿಳಿನಲ್ಲೂ ಅದೇ ೞಕಾರ.

ಸರ್, ಕುಳಿ ನನ್ನ ಹತ್ತಿರ ಇದೆ. ಬೇಕಾಗಿರುವುದು ಅಕ್ರೀಶನ್.

ಇನ್ನೊಬ್ಬರು:
‘ನುಂಗುವಿಕೆ’. ಮುಗಿಯಿತು.

ಭೌತಶಾಸ್ತ್ರ ಪಾಠ ಮಾಡುವವನಾಗಿ:
ಮುಗಿಯಲಿಲ್ಲ. ಅನಿಲ ನೇರ ಬಾಯಿಗೆ ಬೀಳುವುದಿಲ್ಲ. ತಟ್ಟೆಯ ಹಾಗೆ ಹರಡಿ ಸುತ್ತುತ್ತದೆ. ಪದರಕ್ಕೆ ಪದರ ಉಜ್ಜಿ ಕಾಯುತ್ತದೆ. ಕೋನೀಯ ಸಂವೇಗ, ಅಂದರೆ ಸುತ್ತುವಿಕೆಯ ರಭಸ, ಸೋರಿದಷ್ಟೇ ಒಳಕ್ಕೆ ಜಾರುತ್ತದೆ. ಕ್ವೇಸಾರ್, ಅಂದರೆ ಹೀಗೆ ಅನಿಲ ಎಳೆದುಕೊಳ್ಳುವ ದೈತ್ಯ ಕುಳಿಯಿರುವ ಗೆಲಾಕ್ಸಿಯ ನಡು, ಅಷ್ಟು ಬೆಳಗುವುದು ಆ ಕಾವಿನಿಂದಲೇ. ಅಲ್ಲಿಂದ ಎದ್ದ ಗಾಳಿ ಗೆಲಾಕ್ಸಿಯ ಅನಿಲವನ್ನೇ ಹೊರದಬ್ಬಿ ಹೊಸ ನಕ್ಷತ್ರ ಹುಟ್ಟುವುದನ್ನು ತಡೆಯಲೂಬಹುದು. ನುಂಗುವವನು ಇಷ್ಟು ಉಗುಳುತ್ತಾನಾ? ಎಂ87 ಎಂಬ ಗೆಲಾಕ್ಸಿಯ ಕುಳಿ ಸುಮಾರು 650 ಕೋಟಿ ಸೂರ್ಯರಷ್ಟು ತೂಕ. ನಮ್ಮ ಆಕಾಶಗಂಗೆಯದು 40 ಲಕ್ಷದ ಆಸುಪಾಸು, ಅದೂ ಈಗ ಹೆಚ್ಚುಕಡಿಮೆ ಉಪವಾಸ. ಸುತ್ತುವುದು, ಸೇರುವುದು ಎರಡೂ ಪದದಲ್ಲಿ ಬರಬೇಕು.

ದಾವಣಗೆರೆಯಿಂದ:
ಹಾಗಾದರೆ ‘ಸುಳಿಗೂಡುವಿಕೆ’.

ಇನ್ನೊಬ್ಬರು:
ಅದನ್ನು ವಿವರಿಸಲು ಇನ್ನೊಂದು ಫ್ಲೆಕ್ಸ್ ಬೇಕು. ಗೆಲಾಕ್ಸಿ, ಪ್ರಿಂಟು, ಕ್ಲಾಸು ಎಲ್ಲ ಬಿಟ್ಟು ಅಕ್ರೀಶನ್ ಒಂದರ ಮೇಲೆ ಯಾಕೆ ಸಿಟ್ಟು? ಸುಮ್ನೆ ಹಾಗೇ ಹಾಕಿ.

ದಾವಣಗೆರೆಯಿಂದ:
ಹಾಗೇ ಹಾಕುವುದಾದರೆ ಈ ಗುಂಪು ಯಾಕೆ? ‘ಗೆಲಾಕ್ಸಿ’ಯೂ ನನಗೆ ಒಪ್ಪಿಗೆಯಿಲ್ಲ, ಹೇಳಿಲ್ಲ ಅಷ್ಟೇ.

ಇನ್ನೊಬ್ಬರು:
ನಿಮ್ಮ ‘ಗುಂಪು’ ಅಚ್ಚಗನ್ನಡವಾ? ಮೊದಲು ಅದನ್ನು ಹೇಳಿ.

ಆರೂ ಹತ್ತಾಯಿತು, ಅಂಗಡಿಯ ಹುಡುಗ ಎರಡು ಸಲ ಫೋನ್ ಮಾಡಿದ. ‘ಅನಿಲ ಸುತ್ತುತ್ತಾ ಸುತ್ತುತ್ತಾ ಒಳಸೇರುವುದು’ ಎಂದು ಕಳಿಸಿದೆ. ಎಲ್ಲರಿಗೂ ಥ್ಯಾಂಕ್ಸ್.

ದಾವಣಗೆರೆಯಿಂದ:
‘ಒಳ ಸೇರುವುದು’ ಬಿಡಿಸಿ ಬರೆದಿರೋ, ಕೂಡಿಸಿಯೋ?