ಅಮೆರಿಕವನ್ನು ಜಾಸ್ತಿ ಬದಲಿಸಿದ್ದು ಯಾವ ಘಟನೆ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ):
ಪಿಯು ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತೇನೆ. ಇತ್ತೀಚಿನ ಅಮೆರಿಕವನ್ನು ಜಾಸ್ತಿ ಬದಲಿಸಿದ್ದು ಯಾವುದು ಅಂತ ಒಬ್ಬ ಹುಡುಗಿ ಕೇಳಿದಳು. 2001ರ ಸೆಪ್ಟೆಂಬರ್ 11ರ ಭಯೋತ್ಪಾದಕ ದಾಳಿ ಅಂದೆ. ಅದಷ್ಟೇ ಸಾಕಾ? ನೀವೇನಂತೀರಿ?

ಉತ್ತರ (ಚಿತ್ರದುರ್ಗ):
ಸರಿಯಾಗೇ ಹೇಳಿದ್ದೀರಿ ಸರ್. ಅವತ್ತು ಸತ್ತವರು ಸುಮಾರು 3,000 ಜನ. ಆದರೆ ಅದರ ಹಿಂದೆಯೇ ಬಂದಿದ್ದನ್ನೂ ನೋಡಿ. ಅಕ್ಟೋಬರ್‌ನಲ್ಲೇ ಅಫ್ಘಾನಿಸ್ತಾನದ ಯುದ್ಧ ಶುರುವಾಗಿ 2021ರ ಆಗಸ್ಟ್‌ವರೆಗೂ ಎಳೆಯಿತು, 2003ರಲ್ಲಿ ಸಾಮೂಹಿಕ ನಾಶದ ಅಸ್ತ್ರಗಳಿವೆ ಅಂತ ಹೇಳಿ ಇರಾಕ್‌ಗೆ ನುಗ್ಗಿದರು, ಅವು ಸಿಗಲೇ ಇಲ್ಲ. ಸರ್ಕಾರದ ಮಾತಿನ ಮೇಲೆ ಜನರಿಗಿದ್ದ ನಂಬಿಕೆ ಕುಸಿದಿದ್ದು ಅಲ್ಲೇ ಅಂತ ನನಗನಿಸುತ್ತೆ. ಇರಾಕ್ ಬಿಟ್ಟು ಪಾಠ ಮಾಡಬೇಡಿ.

ಉತ್ತರ (ದಾವಣಗೆರೆ):
ನಾನು 2008ರ ಆರ್ಥಿಕ ಕುಸಿತ ಅಂತೀನಿ. ತೀರಿಸೋಕೆ ಆಗದವರಿಗೂ ಮನೆ ಸಾಲ ಕೊಟ್ಟರು, ಆ ಸಾಲಗಳನ್ನೇ ಕಂತೆ ಕಟ್ಟಿ ಮಾರಿದರು, ಮನೆ ಬೆಲೆ ಬಿದ್ದಾಗ ಎಲ್ಲಾ ಒಟ್ಟಿಗೆ ಮುಳುಗಿತು. ಸೆಪ್ಟೆಂಬರ್ 15ಕ್ಕೆ ಲೆಹ್ಮನ್ ಬ್ರದರ್ಸ್ ಅನ್ನೋ ದೊಡ್ಡ ಬ್ಯಾಂಕ್ ದಿವಾಳಿ. ಮರುವರ್ಷ ನಿರುದ್ಯೋಗ ಶೇ 10 ಮುಟ್ಟಿತು. ನಮ್ಮೂರಲ್ಲಿ ಇಂಜಿನಿಯರಿಂಗ್ ಮುಗಿಸಿದ ಹುಡುಗರು ಕೈಯಲ್ಲಿ ಆಫರ್ ಲೆಟರ್ ಇದ್ದೂ ಬೆಂಗಳೂರಿನ ಕರೆಗೆ ತಿಂಗಳುಗಟ್ಟಲೆ ಕಾದರು. ಇದನ್ನು ಹೇಳಿ ಸರ್, ಮಕ್ಕಳಿಗೆ ಬೇಗ ಹತ್ತುತ್ತೆ.

ಉತ್ತರ (ಹೊಸದುರ್ಗ):
2021ರ ಜನವರಿ 6? ಚುನಾವಣೆಯ ಫಲಿತಾಂಶ ಒಪ್ಪದ ಗುಂಪು ಸಂಸತ್ ಭವನಕ್ಕೇ ನುಗ್ಗಿತಲ್ವಾ!

ಪ್ರಶ್ನೆ ಕೇಳಿದವರು:
ಇರಾಕ್, 2008 ಎರಡನ್ನೂ ಸೇರಿಸುತ್ತೇನೆ. ಜನವರಿ 6ಕ್ಕೆ ಇನ್ನೊಂದು ತರಗತಿಯೇ ಬೇಕು. ಎಲ್ಲರಿಗೂ ಥ್ಯಾಂಕ್ಸ್.